ಎಣ್ಣೆಯಿಲ್ಲದ ಅಭಿಷೇಕ

ಅಭಿಷೇಕ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ಶ್ರವಣಬೆಳಗೊಳದ ಬಾಹುಬಲಿಯ ನೆತ್ತಿಯಿಂದ ಇಳಿಯುವ ಹಾಲು, ಅರಿಸಿನ, ಚಂದನ. ಇಲ್ಲವೆ ಊರ ಈಶ್ವರನ ಗುಡಿಯಲ್ಲಿ ಲಿಂಗದ ಮೇಲೆ ತೊಟ್ಟಿಕ್ಕುವ ನೀರು. ಕನ್ನಡ ಬೈಬಲಿನಲ್ಲೂ ಇದೇ ಪದವಿದೆ. ಆದರೆ ಅಲ್ಲಿ ಅಭಿಷೇಕ ನಡೆಯುವುದು ದೇವರಿಗಲ್ಲ, ಮನುಷ್ಯನಿಗೆ. ನಮ್ಮ ಗುಡಿಯಲ್ಲಿ ಭಕ್ತ ದೇವರಿಗೆ ಎರೆಯುತ್ತಾನೆ. ಅಲ್ಲಿ ದೇವರು ಮನುಷ್ಯನಿಗೆ ಎರೆಯುತ್ತಾನೆ. ನಮ್ಮ ಪರಂಪರೆಯಲ್ಲಿ ಇದಕ್ಕೆ ಹತ್ತಿರದ್ದು ರಾಜನ ಪಟ್ಟಾಭಿಷೇಕ.

ಹತ್ತೊಂಬತ್ತನೆಯ ಶತಮಾನದ ಕ್ರೈಸ್ತ ಬರಹಗಳನ್ನು ಓದುವಾಗ ಈ ಪದ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿದೆ. ಒಬ್ಬರು ತಮಗೆ ಅಭಿಷೇಕವಾಗಿದೆ ಎಂದು ಹೇಳಿಕೊಂಡರೆ ಅದಕ್ಕೆ ಏನರ್ಥ? ದೇವಶಾಸ್ತ್ರಜ್ಞರಿಗೆ ಅವರದೇ ಉತ್ತರಗಳಿವೆ. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಮುಖ್ಯವೆನಿಸಿದ ಪ್ರಶ್ನೆ ಇನ್ನೊಂದು: ಎಣ್ಣೆ ಯಾರ ಕೈಯಲ್ಲಿದೆ, ಯಾರ ತಲೆಯ ಮೇಲೆ ಬೀಳುತ್ತದೆ?

ಹೀಬ್ರೂ ಬೈಬಲಿನಲ್ಲಿ ಎಣ್ಣೆ ಮೊದಲು ಬೀಳುವುದು ಯಾಜಕ ಆರೋನನ ತಲೆಗೆ, ಆಮೇಲೆ ರಾಜರ ತಲೆಗೆ. ಪ್ರವಾದಿ ಸಮುವೇಲನು ಸೌಲನನ್ನು ಅಭಿಷೇಕಿಸುತ್ತಾನೆ. ಸೌಲ ದಾರಿ ತಪ್ಪಿದಾಗ ಎಣ್ಣೆ ತುಂಬಿದ ಕೊಂಬನ್ನು ಹಿಡಿದು ಬೇತ್ಲೆಹೇಮಿಗೆ ಹೋಗುತ್ತಾನೆ. ಅಲ್ಲಿ ಇಷಯನ ಏಳು ಮಕ್ಕಳು ಒಬ್ಬೊಬ್ಬರಾಗಿ ಎದುರಿಗೆ ಬಂದು ಹೋಗುತ್ತಾರೆ. ಎಂಟನೆಯವನು ಮನೆಯಲ್ಲೇ ಇಲ್ಲ, ಕುರಿ ಮೇಯಿಸಲು ಹೋಗಿದ್ದಾನೆ. ಅವನನ್ನು ಕರೆಸಬೇಕೆಂದು ತಂದೆಗೂ ತೋಚಿರಲಿಲ್ಲ. ಎಣ್ಣೆ ಬೀಳುವುದು ಆ ಹುಡುಗನ ತಲೆಯ ಮೇಲೆ. ಆದರೆ ಅಂದೇ ಅವನಿಗೆ ಸಿಂಹಾಸನ ಸಿಗುವುದಿಲ್ಲ. ದಾವೀದ ಮತ್ತೆ ಕುರಿಗಳ ಬಳಿಗೆ ಹೋಗುತ್ತಾನೆ. ಮುಂದೆ ಸೌಲನ ಈಟಿಗೆ ಹೆದರಿ ವರ್ಷಗಟ್ಟಲೆ ಗುಹೆಗಳಲ್ಲಿ ಅಲೆಯುತ್ತಾನೆ. ಅಭಿಷೇಕಕ್ಕೂ ಪದವಿಗೂ ನಡುವೆ ಇಷ್ಟು ದೊಡ್ಡ ಅಂತರವಿರುವುದನ್ನು ಆ ಕಥೆ ಮುಚ್ಚಿಡುವುದಿಲ್ಲ.

ಎಲೀಷನ ಕಥೆ ಇನ್ನೂ ವಿಚಿತ್ರ. ಅವನನ್ನು ಅಭಿಷೇಕಿಸು ಎಂದು ಎಲೀಯನಿಗೆ ಅಪ್ಪಣೆಯಾಗುತ್ತದೆ. ಮುಂದೆ ಓದಿದರೆ ಎಣ್ಣೆಯ ಸುದ್ದಿಯೇ ಇಲ್ಲ. ಹನ್ನೆರಡು ಜೋಡಿ ಎತ್ತುಗಳ ಉಳುಮೆ ನಡೆದಿರುವ ಹೊಲದಲ್ಲಿ ಎಲೀಯ ಹಾದುಹೋಗುತ್ತ ತನ್ನ ಕಂಬಳಿಯನ್ನು ಎಲೀಷನ ಮೇಲೆ ಹಾಕುತ್ತಾನೆ, ಅಷ್ಟೆ. ಯೆಶಾಯನ ಗ್ರಂಥವಂತೂ ಇಸ್ರೇಲಿನ ದೇವರನ್ನು ಅರಿಯದ ಪರ್ಷಿಯದ ದೊರೆ ಕೋರೆಷನನ್ನೇ ಅಭಿಷಿಕ್ತ ಎಂದು ಕರೆಯುತ್ತದೆ. ಅವನ ತಲೆಗೆ ಯಾವ ಇಸ್ರೇಲ್ ಪ್ರವಾದಿಯೂ ಎಣ್ಣೆ ಹೊಯ್ದಿರಲಿಲ್ಲ. ಸೆರೆಯಲ್ಲಿದ್ದ ಜನರನ್ನು ಬಿಟ್ಟುಕಳಿಸುವ ಕೆಲಸ ಅವನಿಂದ ಆಗಬೇಕಿತ್ತು. ಎಣ್ಣೆ ಹಿಂದೆ ಸರಿದು ಕರೆ ಮುಂದೆ ಬರುವುದು ಹೀಗೆ ಹಳೆಯ ಗ್ರಂಥಗಳಲ್ಲೇ ಶುರುವಾಗಿತ್ತು.

ಹೀಬ್ರೂವಿನ ಮೆಸ್ಸೀಯ, ಗ್ರೀಕಿನ ಕ್ರಿಸ್ತ ಎರಡರ ಅರ್ಥವೂ ಅಭಿಷಿಕ್ತ ಎಂದೇ. ಅಂದರೆ ಕ್ರಿಸ್ತ ಎಂಬುದು ಯೇಸುವಿನ ಮನೆತನದ ಹೆಸರಲ್ಲ, ಅವನ ಕೆಲಸದ ಹೆಸರು. ಲೂಕನ ಸುವಾರ್ತೆಯ ಪ್ರಕಾರ ಯೇಸು ತನ್ನ ಊರು ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿಯನ್ನು ಬಿಚ್ಚಿ ಓದಿದ. ಬಡವರು, ಸೆರೆಯವರು, ಕುರುಡರು, ಜಜ್ಜಿಹೋದವರು ಇವರಿಗಾಗಿ ತನಗೆ ಅಭಿಷೇಕವಾಗಿದೆ ಎಂಬುದು ಆ ಓದಿನ ಸಾರ. ಆಮೇಲೆ ಅವನಾಡಿದ ಮಾತಿಗೆ ಊರವರು ಸಿಟ್ಟಾಗಿ ಅವನನ್ನು ಗುಡ್ಡದಿಂದ ತಳ್ಳಲು ಹೊರಟರು. ಇನ್ನು ಅವನ ತಲೆಯ ಮೇಲೆ ನಿಜವಾದ ತೈಲ ಬಿದ್ದದ್ದು ಬೇಥಾನ್ಯದಲ್ಲಿ. ಹೊಯ್ದವನು ಯಾಜಕನಲ್ಲ, ಪ್ರವಾದಿಯಲ್ಲ. ಮಾರ್ಕನ ಸುವಾರ್ತೆ ಹೆಸರನ್ನೂ ಹೇಳದ ಒಬ್ಬ ಹೆಂಗಸು. ಸುತ್ತ ಕೂತಿದ್ದವರು ದುಬಾರಿ ತೈಲ ದಂಡವಾಯಿತೆಂದು ಗೊಣಗಿದರು. ಯೇಸು ಮಾತ್ರ ಅದನ್ನು ತನ್ನ ಶವಸಂಸ್ಕಾರದ ಸಿದ್ಧತೆಯೆಂದು ಸ್ವೀಕರಿಸಿದ.

ಸಭೆ ಬೆಳೆದಂತೆ ಎಣ್ಣೆ ಬಿಷಪರ ಕೈ ಸೇರಿತು. ಯೋಹಾನನ ಮೊದಲ ಪತ್ರ ವಿಶ್ವಾಸಿಗಳೆಲ್ಲರಿಗೂ ಅಭಿಷೇಕವಾಗಿದೆ ಎನ್ನುತ್ತದೆ, ನಿಜ. ನಾಲ್ಕನೆಯ ಶತಮಾನದ ಜೆರುಸಲೇಮಿನಲ್ಲಿ ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರ ಹಣೆಗೂ ತೈಲ ಹಚ್ಚುತ್ತಿದ್ದರು. ಆದರೆ ಆ ಸುಗಂಧ ತೈಲವನ್ನು ಪವಿತ್ರಗೊಳಿಸುವ ಅಧಿಕಾರ ಬಿಷಪರದಾಯಿತು. ಕೆಥೋಲಿಕ್ ಸಭೆಯಲ್ಲಿ ಅದು ಇಂದಿಗೂ ಹಾಗೆಯೇ ಇದೆ.

ಎಣ್ಣೆ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ರಾಜ್ಯವೂ ಇರಬಹುದೆಂದು ಯುರೋಪಿಗೆ ಚೆನ್ನಾಗಿ ಅರ್ಥವಾದದ್ದು 751ರಲ್ಲಿ. ಫ್ರಾಂಕರ ಕೊನೆಯ ಮೆರೊವಿಂಜಿಯನ್ ದೊರೆ ಮೂರನೆಯ ಚಿಲ್ಡರಿಕ್‌ನ ತಲೆ ಬೋಳಿಸಿ ಮಠಕ್ಕೆ ಅಟ್ಟಿದರು. ಉದ್ದ ಕೂದಲು ಆ ವಂಶದ ರಾಜತ್ವದ ಗುರುತಾಗಿತ್ತು. ಅವನ ಜಾಗಕ್ಕೆ ಬಂದ ಪೆಪಿನ್ ರಾಜವಂಶದವನಲ್ಲ. ರಕ್ತದಲ್ಲಿ ಇಲ್ಲದ್ದನ್ನು ಎಣ್ಣೆ ತುಂಬಿಕೊಟ್ಟಿತು. ಮೊದಲು ಬಿಷಪರು ಅಭಿಷೇಕಿಸಿದರು. 754ರಲ್ಲಿ ಪೋಪ್ ಎರಡನೆಯ ಸ್ಟೀಫನ್ ಸ್ವತಃ ಬಂದು ಮತ್ತೆ ಅಭಿಷೇಕಿಸಿದರು. ಮುಂದೆ ಫ್ರಾನ್ಸಿನ ದೊರೆಗಳಿಗೆ ರ‍್ಯಾನ್ಸ್ ಪಟ್ಟಣದಲ್ಲಿ ಪಟ್ಟ ಕಟ್ಟುವಾಗ, ಸ್ವರ್ಗದಿಂದ ಪಾರಿವಾಳ ತಂದದ್ದೆಂದು ನಂಬಿದ್ದ ಒಂದು ಕುಪ್ಪಿಯ ತೈಲವನ್ನು ಬಳಸುವುದು ವಾಡಿಕೆಯಾಯಿತು. 1793ರಲ್ಲಿ ಕ್ರಾಂತಿಕಾರಿಗಳು ಆ ಕುಪ್ಪಿಯನ್ನು ಬಹಿರಂಗವಾಗಿ ಒಡೆದುಹಾಕಿದರು. ದೊರೆಯ ತಲೆ ತೆಗೆದ ವರ್ಷದಲ್ಲೇ ದೊರೆತನದ ಎಣ್ಣೆಯನ್ನೂ ಚೆಲ್ಲಿದರು.

ಇದಕ್ಕೂ ಮೊದಲೇ, 1520ರಲ್ಲಿ, ಮಾರ್ಟಿನ್ ಲೂಥರ್ ಬೇರೊಂದು ಕಡೆಯಿಂದ ಪೆಟ್ಟು ಕೊಟ್ಟಿದ್ದ. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ಯಾಜಕರೇ, ಬಿಷಪರ ತೈಲ ಬೇರೊಂದು ಜಾತಿಯ ಮನುಷ್ಯರನ್ನು ಸೃಷ್ಟಿಸುವುದಿಲ್ಲ ಎಂದು ವಾದಿಸಿದ. ಆದರೆ ಅವನನ್ನು ಅನುಸರಿಸಿದ ಸಭೆಗಳಲ್ಲೂ ಪೀಠದ ಮೇಲೆ ನಿಂತು ಬೋಧಿಸುವವರು ಬಹುಕಾಲ ಗಂಡಸರೇ ಆಗಿದ್ದರು. ‘ಪ್ರತಿಯೊಬ್ಬರೂ’ ಎಂಬ ಮಾತಿನಲ್ಲಿ ಯಾರೆಲ್ಲ ಸೇರುತ್ತಾರೆ ಎಂಬುದು ಹಾಗೆಯೇ ಉಳಿದ ಪ್ರಶ್ನೆ.

ಆ ಪ್ರಶ್ನೆಗೆ ಸಿಕ್ಕ ಒಂದು ದೊಡ್ಡ ಉತ್ತರ ನಮ್ಮ ನೆಲಕ್ಕೆ ತೀರ ಹತ್ತಿರದ್ದು. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಪಂಡಿತಾ ರಮಾಬಾಯಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದು ಅಪರಾಧವಾಗಿ ಕಂಡು, ಉಡುಪಿಯಲ್ಲಿ ಪಂಡಿತರ ಮುಂದೆ ಅದನ್ನು ಸಮರ್ಥಿಸಿಕೊಳ್ಳಬೇಕಾಯಿತು. ಹೆಣ್ಣಿಗೆ ಯಾವ ವಿದ್ಯೆಯ ಅಧಿಕಾರವಿದೆ ಎಂಬ ತಕರಾರು ರಮಾಬಾಯಿ ಹುಟ್ಟುವ ಮೊದಲೇ ಆ ಮನೆಯ ಬಾಗಿಲು ತಟ್ಟಿತ್ತು. ತಾಯಿಯಿಂದ ಸಂಸ್ಕೃತ ಕಲಿತು, ತಂದೆತಾಯಿಯರನ್ನು ಬರದಲ್ಲಿ ಕಳೆದುಕೊಂಡು, ಅಣ್ಣನ ಜೊತೆ ದೇಶ ಸುತ್ತಿ, 1878ರಲ್ಲಿ ಕಲ್ಕತ್ತದ ವಿದ್ವಾಂಸರಿಂದ ಪಂಡಿತಾ, ಸರಸ್ವತಿ ಎಂಬ ಬಿರುದು ಪಡೆದರು. 1880ರಲ್ಲಿ ಮದುವೆ, 1882ರಲ್ಲಿ ಗಂಡ ತೀರಿಕೊಂಡಾಗ ಕೈಯಲ್ಲಿ ಎಳೆಗೂಸು ಮನೋರಮಾ.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಅವರು ದೀಕ್ಷಾಸ್ನಾನ ಪಡೆದರು. ಹೊಸ ಧರ್ಮದಲ್ಲೂ ಹಳೆಯ ತಕರಾರು ಬೆನ್ನು ಬಿಡಲಿಲ್ಲ. ಚೆಲ್ಟನ್‌ಹ್ಯಾಮ್‌ನಲ್ಲಿ ಕಲಿಯುತ್ತ, ಕಲಿಸುತ್ತ ಇದ್ದ ಅವರು ಗಂಡಸರಿಗೂ ಭಾರತೀಯ ಭಾಷೆಯ ಪಾಠ ಹೇಳಬಹುದೆಂಬ ಸಲಹೆ ಬಂದಾಗ, ಭಾರತದಲ್ಲಿ ಅಧಿಕಾರದಲ್ಲಿದ್ದ ಬಿಷಪರು ವಿರೋಧಿಸಿದರು. ಭಾರತದಲ್ಲಿ ಗಂಡಸರ ಸಭೆಗಳ ಮುಂದೆ ಪುರಾಣ ಹೇಳಿ ಗೆದ್ದು ಬಂದಿದ್ದ ಹೆಂಗಸಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ರಮಾಬಾಯಿ ಸುಮ್ಮನಿರಲಿಲ್ಲ, ತಮ್ಮ ಆತ್ಮಸಾಕ್ಷಿಯನ್ನು ಯಾರಿಗೂ ಒಪ್ಪಿಸಿಲ್ಲವೆಂದು ಪತ್ರಗಳಲ್ಲಿ ಪಟ್ಟು ಹಿಡಿದು ವಾದಿಸಿದರು. ಉಡುಪಿಯ ಪಂಡಿತರನ್ನೂ ಆಂಗ್ಲಿಕನ್ ಬಿಷಪರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಭಾಷೆ ಬೇರೆ, ಪ್ರಶ್ನೆ ಒಂದೇ: ನಿನಗೆ ಈ ಅಧಿಕಾರ ಕೊಟ್ಟವರಾರು?

1887ರಲ್ಲಿ ಪ್ರಕಟವಾದ ‘ದ ಹೈ ಕಾಸ್ಟ್ ಹಿಂದೂ ವುಮನ್’ ಪುಸ್ತಕದಲ್ಲಿ ರಮಾಬಾಯಿ ಮೇಲ್ಜಾತಿಯ ವಿಧವೆಯರ ಬಾಳನ್ನು ವಿವರಿಸಿದರು. ಅದರಲ್ಲಿ ಕೇಶಮುಂಡನದ ಮಾತು ಬರುತ್ತದೆ. ಅಭಿಷೇಕದ ಬಗ್ಗೆ ಯೋಚಿಸುತ್ತಿದ್ದ ನನಗೆ ಆ ಪುಟ ದಾಟುವುದು ಕಷ್ಟವಾಯಿತು. ಚಿಲ್ಡರಿಕ್‌ಗೆ ಒಮ್ಮೆ ತಲೆ ಬೋಳಿಸಿದ್ದನ್ನು ಚರಿತ್ರೆಯ ಪುಸ್ತಕಗಳು ಮರೆಯದೆ ದಾಖಲಿಸಿವೆ. ಈ ಹುಡುಗಿಯರಿಗೆ ಬಾಳಿನುದ್ದಕ್ಕೂ ಮತ್ತೆ ಮತ್ತೆ ಬೋಳಿಸುತ್ತಿದ್ದರು, ದಾಖಲಿಸುವವರು ಯಾರೂ ಇರಲಿಲ್ಲ. ಕೂದಲೂ ಇಲ್ಲದ, ಎಣ್ಣೆಯೂ ಬೀಳದ ತಲೆಗಳು ಅವು. ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಇಂಥವರಿಗಾಗಿಯೇ. 1896ರ ಮತ್ತು 1900ರ ಬರಗಾಲಗಳು ನೂರಾರು ಅನಾಥ ಹುಡುಗಿಯರನ್ನು ತಂದು ಸೇರಿಸಿದವು. ಪುಣೆಯ ಹತ್ತಿರದ ಕೇಡಗಾಂವದಲ್ಲಿ ‘ಮುಕ್ತಿ’ ಬೆಳೆದದ್ದು ಹೀಗೆ.

1905ರ ಆರಂಭದಲ್ಲಿ, ವೇಲ್ಸ್ ದೇಶದ ಧಾರ್ಮಿಕ ಜಾಗೃತಿಯ ಸುದ್ದಿ ಕೇಳಿದ ಮೇಲೆ, ರಮಾಬಾಯಿ ಪ್ರಾರ್ಥನೆಗೆ ಸೇರಲು ಇಷ್ಟವಿದ್ದವರನ್ನು ಕರೆದರು. ಜೂನ್ ಹೊತ್ತಿಗೆ ದಿನಕ್ಕೆ ಎರಡು ಸಲ ಸೇರುವವರ ಸಂಖ್ಯೆ ಸುಮಾರು 550 ಆಗಿತ್ತು. ಆ ತಿಂಗಳ ಕೊನೆಯ ಒಂದು ಬೆಳಗಿನ ಜಾವ ಹುಡುಗಿಯೊಬ್ಬಳು ಪವಿತ್ರಾತ್ಮ ತನ್ನ ಮೇಲೆ ಬೆಂಕಿಯಂತೆ ಇಳಿಯಿತೆಂದಳು. ಅಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಮಿನ್ನಿ ಎಬ್ರಾಮ್ಸ್ ಇದನ್ನು ಬರೆದಿಟ್ಟಿದ್ದಾರೆ. ಅವರ ಪ್ರಕಾರ, ಗೆಳತಿಯ ಮೈಮೇಲೆ ಬೆಂಕಿ ಕಂಡ ಇನ್ನೊಬ್ಬ ಹುಡುಗಿ ಓಡಿಹೋಗಿ ಆರಿಸಲು ನೀರು ತಂದಳು.

ಚರಿತ್ರೆಕಾರನ ಕಸುಬಿಗೆ ಆ ಬೆಂಕಿ ದಕ್ಕುವುದಿಲ್ಲ. ಅದು ಇತ್ತೆಂದೂ ಇರಲಿಲ್ಲವೆಂದೂ ನಾನು ಹೇಳಲಾರೆ. ಆದರೆ ಆ ನೀರನ್ನು ನಾನು ನಂಬುತ್ತೇನೆ. ಅಷ್ಟು ಹೊತ್ತಿನಲ್ಲಿ ಗಾಬರಿಬಿದ್ದು ನೀರು ತರಲು ಓಡಿದವಳಿಗೆ ಅದು ಧರ್ಮಗ್ರಂಥದ ರೂಪಕವಾಗಿರಲಿಲ್ಲ, ಗೆಳತಿಯ ಜೀವದ ಮಾತಾಗಿತ್ತು. ಮತ್ತೆ ಗಮನಿಸಿ: ಅಲ್ಲಿ ಎಣ್ಣೆಯ ಕೊಂಬು ಹಿಡಿದ ಸಮುವೇಲನಿಲ್ಲ, ಕುಪ್ಪಿ ಹಿಡಿದ ಬಿಷಪನಿಲ್ಲ. ಮನೆಯವರು ಲೆಕ್ಕದಿಂದಲೇ ಬಿಟ್ಟ ಮಕ್ಕಳು, ಕುರಿಗಳ ಬಳಿ ಉಳಿದ ದಾವೀದನ ಹಾಗೆ.

ಮುಂದಿನದು ದಾಖಲೆಯಲ್ಲಿದೆ. ಪ್ರಾರ್ಥನೆಯ ಜೊತೆ ಅಳು, ಕೂಗು, ತಪ್ಪೊಪ್ಪಿಗೆ, ಅರ್ಥವಾಗದ ಭಾಷೆಗಳ ಮಾತು ಎಲ್ಲ ಇದ್ದವು. ಇದು ಉನ್ಮಾದ ಎಂದು ಟೀಕಿಸಿದವರಲ್ಲಿ ಕ್ರೈಸ್ತರೂ ಇದ್ದರು. ರಮಾಬಾಯಿ ಹುಡುಗಿಯರ ಪರವಾಗಿ ನಿಂತರು. ತಮಗೂ ಅಂಥ ಅನ್ಯಭಾಷೆಯ ವರ ಬಂದಿತೆಂದು ಅವರು ಹೇಳಿಕೊಳ್ಳಲಿಲ್ಲ. ತನಗೆ ಬಾರದ್ದು ತನ್ನ ಆಸರೆಯಲ್ಲಿದ್ದವರಿಗೆ ಬಂದಿತೆಂದು ಒಪ್ಪಿಕೊಳ್ಳಲು ಅಳುಕಲೂ ಇಲ್ಲ. ಸಂಸ್ಥೆ ನಡೆಸುವವರಿಗೆ ಇದು ಸುಲಭದ ಮಾತಲ್ಲ. ಹುಡುಗಿಯರು ತಂಡ ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳಿಗೆ ಬೋಧನೆಗೆ ಹೊರಟರು. ಎಬ್ರಾಮ್ಸ್ 1906ರಲ್ಲಿ ಬರೆದ ಕಿರುಪುಸ್ತಕ ಚಿಲಿ ದೇಶದ ವಾಲ್ಪರೈಸೊದಲ್ಲಿದ್ದ ಅವರ ಗೆಳತಿಯ ಕೈ ಸೇರಿತು. 1909ರಲ್ಲಿ ಅಲ್ಲಿ ಹುಟ್ಟಿದ ಪೆಂಟೆಕೋಸ್ಟಲ್ ಚಳವಳಿಗೆ ಅದೂ ಒಂದು ಬೀಜ. ಲಾಸ್ ಏಂಜಲೀಸಿನ ಅಜುಸಾ ಬೀದಿಯಲ್ಲಿ 1906ರಲ್ಲಿ ವಿಲಿಯಂ ಸೆಮೂರ್ ಎಂಬ ಕಪ್ಪು ಬೋಧಕನ ನೇತೃತ್ವದಲ್ಲಿ ನಡೆದದ್ದನ್ನೇ ಪೆಂಟೆಕೋಸ್ಟಲ್ ಚರಿತ್ರೆಯ ಮೊದಲ ಪುಟವೆಂದು ಬರೆಯುವ ರೂಢಿಯಿದೆ. ಕೇಡಗಾಂವದ ಬೆಳಗಿನ ಜಾವ ಅದಕ್ಕಿಂತ ಮೊದಲಿನದು.

ಇಂದು ನಮ್ಮ ಊರುಗಳ ಗೋಡೆಗಳ ಮೇಲೆ ‘ಅಭಿಷೇಕ ಹೊಂದಿದ ದೇವಸೇವಕರು’ ಎಂಬ ಪೋಸ್ಟರುಗಳು ಕಾಣುತ್ತವೆ. ಸೂಟು ತೊಟ್ಟ ದೊಡ್ಡ ಚಿತ್ರ, ಹಿಂದೆ ಬೆಳಕಿನ ಕಿರಣ. ಅಭಿಷೇಕ ಮತ್ತೆ ಪದವಿಯಾಗುತ್ತಿದೆಯೇನೋ ಎನಿಸುತ್ತದೆ. ಎಣ್ಣೆಯ ಕೊಂಬು ಯಾರದೋ ಕೈಗೆ ಹೋಗುವುದು, ಅದು ಅಲ್ಲಿಂದ ಜಾರಿ ಎಣಿಸದವರ ತಲೆಯ ಮೇಲೆ ಚೆಲ್ಲುವುದು, ಮತ್ತೆ ಯಾರೋ ಅದನ್ನು ಬಾಚಿ ಕುಪ್ಪಿಗೆ ತುಂಬುವುದು — ಎರಡೂವರೆ ಸಾವಿರ ವರ್ಷಗಳಿಂದ ನಡೆದಿರುವುದು ಇದೇ. ಇದರಲ್ಲಿ ನಿಜವಾದ ಅಭಿಷೇಕ ಯಾವುದು ಎಂದು ತೀರ್ಪು ಕೊಡಲು ನನಗೆ ಅಧಿಕಾರವಿಲ್ಲ. ಆದರೆ ಹಳೆಯ ಕಥೆಗಳೇ ಒಂದು ಅಳತೆಗೋಲನ್ನು ಕೊಟ್ಟಿವೆ. ಎಣ್ಣೆ ಬಿದ್ದ ಮೇಲೆ ಆ ಮನುಷ್ಯ ಯಾವ ಕುರ್ಚಿಯಲ್ಲಿ ಕೂತ ಎಂದಲ್ಲ, ಯಾವ ಕೆಲಸಕ್ಕೆ ಎದ್ದ ಎಂದು ನೋಡಬೇಕು.

ರಮಾಬಾಯಿ ಎದ್ದದ್ದು ಬರಹದ ಮೇಜಿಗೆ. ಹೀಬ್ರೂ, ಗ್ರೀಕ್ ಕಲಿತು, ಓದು ಬಲ್ಲ ಸಾಮಾನ್ಯ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ತಾವೇ ಅನುವಾದಿಸಿದರು. ಈ ನಡುವೆ 1912ರಲ್ಲಿ ಗುಲ್ಬರ್ಗದಲ್ಲಿ ಒಂದು ಶಾಲೆಯನ್ನೂ ತೆರೆದರು. ಅದರ ಹೊಣೆ ಹೊತ್ತವಳು ಮಗಳು ಮನೋರಮಾ. ಮಗಳು 1921ರಲ್ಲಿ ತೀರಿಕೊಂಡಳು. ಮರುವರ್ಷ ಏಪ್ರಿಲಿನಲ್ಲಿ, ಅನುವಾದದ ಕೆಲಸ ಮುಗಿಸಿದ ಸ್ವಲ್ಪದರಲ್ಲೇ, ತಾಯಿಯೂ ಹೋದರು. ಮುಕ್ತಿಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿ ಹಾಳೆ ಅಚ್ಚು ಮಾಡುತ್ತಿದ್ದವರು ಅಲ್ಲಿನ ಹೆಣ್ಣುಮಕ್ಕಳೇ. ಎಣ್ಣೆ ಬೀಳದ ಆ ತಲೆಗಳು ಅಚ್ಚಿನ ಮೊಳೆಗಳ ಮೇಲೆ ಬಾಗಿರುವುದನ್ನು ನೆನೆಯುವಾಗ, ಅವರ ಬೆರಳಿಗೆ ಅಂಟಿದ ಮಸಿ ನನಗೆ ಕಾಣುತ್ತದೆ.