ಮನೆಯ ಗಣಕಯಂತ್ರವೂ ಒಂದು ವಾರ್ತಾಪತ್ರವೂ

ಹೊಸದೊಂದು ವಸ್ತುವು ಲೋಕದಲ್ಲಿ ತಲೆದೋರಿದಾಗ ಅದರ ಗುಣದೋಷಗಳನ್ನು ನಮಗೆ ಮೊದಲು ತಿಳಿಸುವವರು ಯಾರು? ಬಹುಮಟ್ಟಿಗೆ ಅದನ್ನು ಮಾರುವವರೇ. ಮಾರುವವನ ಮಾತಿನಲ್ಲಿ ಸುಳ್ಳಿರಲೇಬೇಕೆಂಬ ನಿಯಮವಿಲ್ಲ. ಆದರೆ ಮಾರಾಟವೇ ಅವನ ಪ್ರಯೋಜನವಾದುದರಿಂದ ಆ ಮಾತು ಆಪ್ತವಾಕ್ಯವೆನಿಸಲಾರದು. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಗಣಕಯಂತ್ರವನ್ನು, ಎಂದರೆ ಕಂಪ್ಯೂಟರನ್ನು, ಕೊಳ್ಳಹೊರಟ ಗೃಹಸ್ಥರು ಇಂದು ಎದುರಿಸುವ ತೊಡಕು ಇದೇ ಆಗಿದೆ. ಈ ಯಂತ್ರವು ಮೊದಲ ಸಲ ಸಾಮಾನ್ಯ ಜನರ ಕೈಗೆಟುಕಿದ ಕಾಲದಲ್ಲಿಯೂ ಇದೇ ತೊಡಕು ಉಂಟಾಗಿತ್ತು. ಆಗ ಅದನ್ನು ಪರಿಹರಿಸಿಕೊಳ್ಳಲು ಅಮೆರಿಕಾದ ಕ್ಯಾಲಿಫೋರ್ನಿಯಾ ಪ್ರಾಂತದ ಕೆಲವು ಮಂದಿ ಹವ್ಯಾಸಿಗಳು ಒಂದು ಸಣ್ಣ ವಾರ್ತಾಪತ್ರವನ್ನು ಹೊರಡಿಸಿದರು. ಅದರ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

೧೯೭೫ಕ್ಕೆ ಮುಂಚೆ ಗಣಕಯಂತ್ರವೆಂದರೆ ಸರ್ಕಾರದ ಇಲಾಖೆಗಳು, ವಿಶ್ವವಿದ್ಯಾನಿಲಯಗಳು, ದೊಡ್ಡ ವ್ಯಾಪಾರ ಮಂಡಲಿಗಳು ಇವುಗಳ ಸೊತ್ತು. ಒಬ್ಬ ಗೃಹಸ್ಥನು ತನ್ನ ಮೇಜಿನ ಮೇಲೆ ಅದನ್ನು ಇಟ್ಟುಕೊಳ್ಳುವನೆಂಬುದು ಹಾಸ್ಯದ ಮಾತಾಗಿದ್ದಿತು. ಆ ವರ್ಷದ ಜನವರಿಯಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಎಂಬ ಮಾಸಪತ್ರಿಕೆಯು ತನ್ನ ಮುಖಪುಟದಲ್ಲಿ ‘ಆಲ್ಟೇರ್ ೮೮೦೦’ ಎಂಬ ಯಂತ್ರವನ್ನು ಪ್ರಕಟಿಸಿತು. ನ್ಯೂ ಮೆಕ್ಸಿಕೊ ಪ್ರಾಂತದ ಆಲ್ಬುಕರ್ಕಿ ನಗರದ ‘ಮಿಟ್ಸ್’ ಎಂಬ ಮಂಡಲಿಯು ಅದರ ಬಿಡಿಭಾಗಗಳನ್ನು ೪೦೦ ಡಾಲರಿಗೆ ಕೊಂಚ ಕಡಮೆ ಬೆಲೆಗೆ ಕಳುಹಿಸಿಕೊಡುವುದಾಗಿ ಸಾರಿತು. ಕೊಂಡವನು ತಾನೇ ಬೆಸುಗೆ ಹಾಕಿ ಅದನ್ನು ಜೋಡಿಸಬೇಕು. ಜೋಡಿಸಿದ ಮೇಲಾದರೂ ಅದಕ್ಕೆ ಕೀಲಿಮಣೆಯಿಲ್ಲ, ತೆರೆಯಿಲ್ಲ. ಮುಂಭಾಗದ ಸಣ್ಣ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಆಜ್ಞೆ ಕೊಡಬೇಕು; ಉತ್ತರವು ಕೆಂಪು ದೀಪಗಳ ಮಿನುಗಿನಲ್ಲಿ ಬರುವುದು. ಅದರ ಸ್ಮೃತಿಕೋಶದಲ್ಲಿ ಹಿಡಿಯುತ್ತಿದ್ದುದು ೨೫೬ ಅಕ್ಷರಗಳಷ್ಟು ಮಾತ್ರ. ಆದರೂ ಸಾವಿರಾರು ಮಂದಿ ಮುಂಗಡ ಹಣ ಕಳುಹಿಸಿ ಕಾದುಕೊಂಡರು.

ಯಂತ್ರವು ಬಂದಿತು, ಅದರಿಂದ ಏನು ಮಾಡುವುದು, ಅದಕ್ಕೆ ಯಾವ ಭಾಗವನ್ನು ಸೇರಿಸುವುದು, ಅದಕ್ಕಿಂತ ಒಳ್ಳೆಯದು ಬೇರೊಂದುಂಟೇ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವವರಿಲ್ಲ. ಈ ಕೊರತೆಯನ್ನು ಮನಗಂಡು ಫ್ರೆಡ್ ಮೂರ್, ಗಾರ್ಡನ್ ಫ್ರೆಂಚ್ ಎಂಬ ಇಬ್ಬರು ಆಸಕ್ತರನ್ನು ಸಭೆಗೆ ಕರೆದರು. ಮಾರ್ಚಿ ತಿಂಗಳ ೫ನೆಯ ತಾರೀಕು ಮೆನ್ಲೊ ಪಾರ್ಕ್ ಎಂಬ ಊರಿನಲ್ಲಿ, ಫ್ರೆಂಚರ ಮನೆಯ ಮೋಟಾರು ಕೊಟ್ಟಿಗೆಯಲ್ಲಿ, ೩೨ ಮಂದಿ ಕಲೆತರು. ಅವರಲ್ಲಿ ಆರು ಮಂದಿ ಆಗಲೇ ಸ್ವಂತವಾಗಿ ಯಂತ್ರವನ್ನು ಕಟ್ಟಿದ್ದರು. ಬೇರೆ ಕೆಲವರು ಆಲ್ಟೇರಿಗೆ ಬರೆದುಕೊಂಡಿದ್ದರು. ಹೀಗೆ ಹುಟ್ಟಿದ ಸಂಘಕ್ಕೆ ‘ಹೋಂಬ್ರೂ ಕಂಪ್ಯೂಟರ್ ಕ್ಲಬ್’ ಎಂದು ಹೆಸರಾಯಿತು. ಹೋಂಬ್ರೂ ಎಂಬುದು ಮನೆಯಲ್ಲಿಯೇ ತಯಾರಿಸಿಕೊಂಡ ಮದ್ಯಕ್ಕೆ ಆ ನಾಡಿನವರು ಹೇಳುವ ಮಾತು. ಇಲ್ಲಿ ಅದು ಮನೆಯಲ್ಲಿಯೇ ಕಟ್ಟಿದ ಯಂತ್ರಕ್ಕೆ ಅನ್ವಯಿಸಿತು.

ಹತ್ತು ದಿನಗಳ ತರುವಾಯ, ಮಾರ್ಚಿ ೧೫ರ ತಾರೀಕನ್ನು ಹೊತ್ತು, ಸಂಘದ ವಾರ್ತಾಪತ್ರದ ಮೊದಲ ಸಂಚಿಕೆಯು ಹೊರಟಿತು. ಅದರ ಸಂಪಾದಕರು ಫ್ರೆಡ್ ಮೂರ್. ಈತನು ೧೯೫೯ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರ್ಕ್ಲೀ ವಿಶ್ವವಿದ್ಯಾನಿಲಯದಲ್ಲಿ ಕಡ್ಡಾಯವಾಗಿದ್ದ ಸೈನ್ಯಶಿಕ್ಷಣವನ್ನು ಒಲ್ಲದೆ ಉಪವಾಸ ಕುಳಿತವನು; ಹಣಕ್ಕಿಂತ ಮನುಷ್ಯರ ಪರಸ್ಪರ ಸಂಬಂಧವೇ ದೊಡ್ಡದೆಂದು ನಂಬಿದವನು. ಪತ್ರದ ರೀತಿಯೂ ಸಂಪಾದಕನ ಈ ಸ್ವಭಾವಕ್ಕೆ ತಕ್ಕಂತೆಯೇ ಇದ್ದಿತು. ಅದು ವಿದ್ವಾಂಸನೊಬ್ಬನ ಉಪನ್ಯಾಸವಲ್ಲ. ಸಭೆಯಲ್ಲಿ ನಡೆದದ್ದೇನು, ಯಾವ ಸದಸ್ಯರು ಯಾವ ಕೆಲಸದಲ್ಲಿ ತೊಡಗಿದ್ದಾರೆ, ಯಾರಿಗೆ ಏನು ಬೇಕು, ಯಾರ ಬಳಿ ಏನುಂಟು ಎಂಬುದೇ ಅದರ ಮುಖ್ಯ ವಿಷಯ. ಸಂಘವು ಬೆಳೆದು ಸ್ಟ್ಯಾನ್‌ಫರ್ಡಿನ ದೊಡ್ಡ ಸಭಾಭವನಕ್ಕೆ ಸ್ಥಳಾಂತರವಾದ ಮೇಲೆಯೂ ಇದೇ ಕ್ರಮವು ನಿಂತಿತು. ಲೀ ಫೆಲ್ಸೆನ್‌ಸ್ಟೈನ್ ಎಂಬವರು ಸಭೆಯನ್ನು ನಡೆಸುತ್ತಿದ್ದರು. ಮೊದಲು ಒಬ್ಬೊಬ್ಬರಾಗಿ ಎದ್ದು ತಮ್ಮಲ್ಲಿರುವುದನ್ನೂ ತಮಗೆ ಬೇಕಾದುದನ್ನೂ ಹೇಳುವುದು, ಆಮೇಲೆ ಬೇಕಾದವರು ಬೇಕಾದವರನ್ನು ಹುಡುಕಿಕೊಂಡು ಹೋಗಿ ಮಾತನಾಡುವುದು.

ಈ ಸಲ್ಲಾಪದಿಂದ ಫಲಿಸಿದ್ದೇನೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಆಲ್ಟೇರಿನ ಸ್ಮೃತಿಕೋಶವು ಸಾಲದಾದಾಗ ಮಿಟ್ಸ್ ಮಂಡಲಿಯು ೪,೦೯೬ ಅಕ್ಷರಗಳಷ್ಟು ಹಿಡಿಯುವ ಹೆಚ್ಚುವರಿ ಫಲಕಗಳನ್ನು ಮಾರಿತು. ಅವು ನೆಚ್ಚಿಕೆಗೆ ತಕ್ಕವಲ್ಲವೆಂದು ಕೊಂಡವರ ಅನುಭವದಿಂದ ಬಯಲಾಯಿತು. ಸಂಘದ ಸದಸ್ಯರಲ್ಲೊಬ್ಬರಾದ ಬಾಬ್ ಮಾರ್ಷ್ ಅದೇ ಯಂತ್ರದಲ್ಲಿ ಸೇರುವ ಬೇರೆ ಫಲಕವನ್ನು ತಯಾರಿಸಿದರು. ಹವ್ಯಾಸಿಗಳು ಅದನ್ನೇ ಆರಿಸಿಕೊಂಡರು. ಎರಡನೆಯದು, ಸ್ಟೀವ್ ವೋಜ್ನಿಯಾಕ್ ಎಂಬ ತರುಣನ ಸಂಗತಿ. ಮೊದಲ ಸಭೆಯಲ್ಲಿಯೇ ಇದ್ದ ಈತನಿಗೆ ಆಲ್ಟೇರಿನ ಹೃದಯದಂತಿದ್ದ ಇಂಟೆಲ್ ೮೦೮೦ ಎಂಬ ಸೂಕ್ಷ್ಮಭಾಗದ ಬೆಲೆಯನ್ನು ತೆರುವುದು ಕಷ್ಟವಾಗಿದ್ದಿತು. ೧೯೭೫ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಪ್ರದರ್ಶನವೊಂದರ ಕಾಲದಲ್ಲಿ ‘೬೫೦೨’ ಎಂಬ ಬೇರೊಂದು ಭಾಗವು ೨೫ ಡಾಲರಿಗೆ ಮಾರಾಟಕ್ಕೆ ಬಂದಿತು. ವೋಜ್ನಿಯಾಕ್ ಅದನ್ನು ಆಧಾರವಾಗಿಟ್ಟುಕೊಂಡು ಯಂತ್ರವೊಂದನ್ನು ರಚಿಸಿ, ಅದರ ನಕ್ಷೆಗಳನ್ನು ಸಂಘದವರಿಗೆ ಬಿಟ್ಟಿಯಾಗಿ ಹಂಚಿದನು. ಮರುವರ್ಷ ೬೬೬ ಡಾಲರ್ ೬೬ ಸೆಂಟುಗಳ ಬೆಲೆಯಲ್ಲಿ ‘ಆಪಲ್ ೧’ ಎಂದು ಮಾರಾಟವಾದದ್ದು ಅದೇ ಯಂತ್ರ.

ಹಂಚಿಕೊಳ್ಳುವ ಈ ಧರ್ಮಕ್ಕೆ ಒಂದು ಸಂಕಟವೂ ಒದಗಿತು. ಯಂತ್ರವು ಕೆಲಸ ಮಾಡಬೇಕಾದರೆ ಅದಕ್ಕೆ ಆಜ್ಞಾವಳಿ ಬೇಕು. ಬಿಲ್ ಗೇಟ್ಸ್, ಪಾಲ್ ಆಲನ್ ಎಂಬ ತರುಣರು ಮಾಂಟೆ ಡೇವಿಡಾಫ್ ಅವರ ನೆರವಿನಿಂದ ಆಲ್ಟೇರಿಗಾಗಿ ‘ಬೇಸಿಕ್’ ಎಂಬ ಗಣಕಭಾಷೆಯ ಆಜ್ಞಾವಳಿಯನ್ನು ರಚಿಸಿದ್ದರು. ಅದು ಕಾಗದದ ಪಟ್ಟಿಯಲ್ಲಿ ಸಣ್ಣ ರಂಧ್ರಗಳ ರೂಪದಲ್ಲಿ ಇರುತ್ತಿದ್ದಿತು. ೧೯೭೫ರ ಜೂನಿನಲ್ಲಿ ಮಿಟ್ಸ್ ಮಂಡಲಿಯವರು ಪಾಲೊ ಆಲ್ಟೊ ಊರಿನಲ್ಲಿ ಯಂತ್ರವನ್ನು ಪ್ರದರ್ಶಿಸಿದಾಗ ಆ ಪಟ್ಟಿಯೊಂದು ಯಾರದೋ ಕೈಸೇರಿತು; ಅದರ ಹತ್ತಾರು ಪ್ರತಿಗಳು ಸಂಘದ ಸಭೆಯಲ್ಲಿ ಹಂಚಿಹೋದವು. ಒಂದನ್ನು ಒಯ್ದವನು ಎರಡು ಪ್ರತಿಗಳನ್ನು ಮಾಡಿ ತರಬೇಕೆಂಬುದೇ ಅದರ ಬೆಲೆಯಾಗಿತ್ತೆಂದು ಸಂಘದ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

೧೯೭೬ರ ಫೆಬ್ರವರಿ ೩ನೆಯ ತಾರೀಕಿನಲ್ಲಿ, ಆಗ ೨೦ ವರ್ಷ ವಯಸ್ಸಿನವರಾಗಿದ್ದ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರವೊಂದನ್ನು ಬರೆದರು. ಆಲ್ಟೇರ್ ಉಳ್ಳವರಲ್ಲಿ ನೂರಕ್ಕೆ ಹತ್ತು ಮಂದಿಯೂ ಬೇಸಿಕ್ಕನ್ನು ಕೊಂಡಿಲ್ಲ. ಅದನ್ನು ಸಿದ್ಧಪಡಿಸಲು ಬಳಸಿದ ಗಣಕಕಾಲದ ಮೌಲ್ಯವೇ ೪೦,೦೦೦ ಡಾಲರಿಗೆ ಮೀರಿದ್ದು. ಬಂದ ಹಣವನ್ನು ಲೆಕ್ಕಹಾಕಿದರೆ ದುಡಿಮೆಗೆ ಗಂಟೆಗೆ ಎರಡು ಡಾಲರೂ ದಕ್ಕಲಿಲ್ಲ. ಹೀಗಾದರೆ ಒಳ್ಳೆಯ ಆಜ್ಞಾವಳಿಯನ್ನು ಬರೆಯುವವರು ಯಾರು ಎಂಬುದು ಅದರ ಸಾರ. ಯಾರನ್ನು ಕುರಿತು ಈ ಆಕ್ಷೇಪಣೆಯೋ ಅವರದೇ ವಾರ್ತಾಪತ್ರದಲ್ಲಿ ಈ ಪತ್ರವು ಅಚ್ಚಾಯಿತೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು.

ಇದಕ್ಕೆ ಸಮಾಧಾನವೂ ಬಂದಿತು. ೧೯೭೨ರಿಂದಲೂ ಮೆನ್ಲೊ ಪಾರ್ಕಿನಲ್ಲಿ ಬಾಬ್ ಆಲ್ಬ್ರೆಕ್ಟ್ ನಡೆಸುತ್ತಿದ್ದ ‘ಪೀಪಲ್ಸ್ ಕಂಪ್ಯೂಟರ್ ಕಂಪೆನಿ’ ಎಂಬ ಪತ್ರವು, ಗೇಟ್ಸರ ಲೇಖನಕ್ಕೆ ಮುಂಚೆಯೇ, ಅತ್ಯಲ್ಪ ಸ್ಮೃತಿಕೋಶದಲ್ಲಿ ಹಿಡಿಯುವ ‘ಟೈನಿ ಬೇಸಿಕ್’ ಎಂಬುದರ ರೂಪರೇಖೆಯನ್ನು ಪ್ರಕಟಿಸಿ, ಇದನ್ನು ನೀವೇ ಪೂರ್ತಿಮಾಡಿರಿ ಎಂದು ವಾಚಕರನ್ನು ಕರೆದಿತ್ತು. ಟೆಕ್ಸಾಸ್ ಪ್ರಾಂತದ ಟೈಲರ್ ಊರಿನಿಂದ ಇಬ್ಬರು ವಾಚಕರು ಪೂರ್ಣಮಾಡಿ ಕಳುಹಿಸಿದರು. ಇಂಥವುಗಳನ್ನು ಅಚ್ಚುಮಾಡಲೆಂದೇ ೧೯೭೬ರ ಜನವರಿಯಲ್ಲಿ ‘ಡಾಕ್ಟರ್ ಡಾಬ್ಸ್ ಜರ್ನಲ್’ ಎಂಬ ಹೊಸ ಪತ್ರಿಕೆಯು ಹುಟ್ಟಿತು. ಆಜ್ಞಾವಳಿಯು ಬಿಟ್ಟಿಯಾಗಿ, ಅಥವಾ ಪ್ರತಿ ಮಾಡುವುದಕ್ಕಿಂತ ಕೊಳ್ಳುವುದೇ ಸುಲಭವೆನ್ನುವಷ್ಟು ಅಗ್ಗವಾಗಿ ದೊರೆತರೆ ಕಳವಿನ ಮಾತೇ ಇರದೆಂದು ಅದರ ಸಂಪಾದಕರಾದ ಜಿಮ್ ವಾರನ್ ವಾದಿಸಿದರು. ಸಂಘದ ಟಾಮ್ ಪಿಟ್‌ಮನ್ ತಾವು ಬರೆದ ಟೈನಿ ಬೇಸಿಕ್ಕನ್ನು ೫ ಡಾಲರಿಗೆ ಮಾರಿದರು. ಜನರು ಹಣ ಕೊಟ್ಟೇ ಕೊಂಡರು.

ನ್ಯಾಯಶಾಸ್ತ್ರಕಾರನಾದ ಗೌತಮನು ಮೂರು ಬಗೆಯ ಕಥೆಯನ್ನು ಹೇಳಿರುವನು. ತತ್ತ್ವವನ್ನು ತಿಳಿಯಬೇಕೆಂದು ನಡೆಯುವುದು ವಾದ. ಹೇಗಾದರೂ ಗೆಲ್ಲಬೇಕೆಂಬುದು ಜಲ್ಪ. ತನ್ನ ಪಕ್ಷವೊಂದನ್ನೂ ಸ್ಥಾಪಿಸದೆ ಪರಪಕ್ಷವನ್ನು ಕೆಡಹುವುದು ವಿತಂಡೆ. ಯಂತ್ರಗಳನ್ನು ಕುರಿತ ಇಂದಿನ ಮಾತುಕತೆಯಲ್ಲಿ ಎರಡನೆಯದೂ ಮೂರನೆಯದೂ ಧಾರಾಳವಾಗಿವೆ. ಒಬ್ಬನು ತಾನು ಕೊಂಡ ಯಂತ್ರವನ್ನು ಕುಲದೇವರಂತೆ ಸಮರ್ಥಿಸುವನು, ಮತ್ತೊಬ್ಬನು ಎಲ್ಲವನ್ನೂ ಹಳಿಯುವನು. ಹೋಂಬ್ರೂ ಪತ್ರದಲ್ಲಿ ನಡೆದದ್ದು ಬಹುಮಟ್ಟಿಗೆ ವಾದವೆನ್ನಲು ಕಾರಣಗಳುಂಟು. ಅಲ್ಲಿ ಕೈಯಿಂದ ಕಟ್ಟಿ ನೋಡಿದವನ ಪ್ರತ್ಯಕ್ಷಾನುಭವವೇ ಪ್ರಮಾಣವಾಗಿದ್ದಿತು. ಯಾವ ಯಂತ್ರ ಉತ್ತಮ ಎಂಬುದಕ್ಕಿಂತ ನನಗೇನು ಬೇಕು, ನಿನ್ನಲ್ಲೇನುಂಟು ಎಂಬುದರಿಂದ ಮಾತು ಮೊದಲಾಗುತ್ತಿದ್ದಿತು. ಪೂರ್ವಪಕ್ಷಕ್ಕೆ, ಅದು ತಮ್ಮನ್ನೇ ದೂಷಿಸಿದರೂ, ಎಡೆ ದೊರೆಯಿತು.

ಪಟ್ಟಿಯನ್ನು ಕೇಳದೆ ಹಂಚಿದ್ದು ವಿದ್ಯಾದಾನವೆಂದು ನಾನು ಹೇಳಲಾರೆ. ದಾನವೆಂಬುದು ತನ್ನ ಸ್ವತ್ತನ್ನು ಕೊಡುವುದು. ವೋಜ್ನಿಯಾಕ್ ಕೊಟ್ಟದ್ದು ಅಂಥದು, ಟೈಲರ್ ಊರಿನವರು ಕೊಟ್ಟದ್ದು ಅಂಥದು. ಪರರ ದುಡಿಮೆಯನ್ನು ಹಂಚುವವನಿಗೆ ದಾನದ ಪುಣ್ಯವೆಲ್ಲಿಯದು? ಆದರೆ ಆ ಆಕ್ಷೇಪಣೆಗೆ ಉತ್ತಮವಾದ ಉತ್ತರವನ್ನು ಕೊಟ್ಟವರೂ ಅದೇ ವರ್ಗದವರು. ಕೇವಲ ಮಾತಿನಿಂದಲ್ಲ, ತಾವೇ ಬರೆದು ಕೊಟ್ಟು. ಬೆಲೆಯುಳ್ಳ ಆಜ್ಞಾವಳಿ, ಬಿಟ್ಟಿಯಾಗಿ ಹಂಚಿಕೊಳ್ಳುವ ಆಜ್ಞಾವಳಿ ಎಂಬ ಎರಡು ಪಂಥಗಳೂ ಇಂದಿಗೂ ಬಾಳುತ್ತಿರುವುದನ್ನು ನೋಡಿದರೆ ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದ್ದಿತೆಂದೇ ತಿಳಿಯಬೇಕು.

೧೯೭೭ರಲ್ಲಿ ‘ಆಪಲ್ ೨’, ‘ಕಮೊಡೋರ್ ಪೆಟ್’, ‘ಟಿ. ಆರ್. ಎಸ್. ೮೦’ ಎಂಬ ಮೂರು ಸಿದ್ಧ ಯಂತ್ರಗಳು ಅಂಗಡಿಗೆ ಬಂದವು. ಇವುಗಳಲ್ಲಿ ಮೊದಲನೆಯದರ ಬೆಲೆ ೧,೨೯೮ ಡಾಲರ್. ಕೊನೆಯದು ತೆರೆಯೂ ಸೇರಿ ಸುಮಾರು ೬೦೦. ಇನ್ನು ಬೆಸುಗೆ ಹಾಕುವ ಶ್ರಮವಿಲ್ಲ, ಕೊಳ್ಳುವವನು ಶಿಲ್ಪಿಯಾಗಿರಬೇಕಾಗಿಲ್ಲ. ಹೀಗೆ ಅಧಿಕಾರಿ ಬದಲಾದನು. ಅದೇ ವರ್ಷದ ಡಿಸೆಂಬರಿನಲ್ಲಿ, ೨೧ ಸಂಚಿಕೆಗಳನ್ನು ಕಂಡ ಮೇಲೆ, ಹೋಂಬ್ರೂ ವಾರ್ತಾಪತ್ರವು ನಿಂತಿತು. ಸಂಘವು ೧೯೮೬ರವರೆಗೆ ನಡೆಯಿತು. ಪತ್ರದ ಆಯುಸ್ಸು ಮೂರು ವರ್ಷವೂ ತುಂಬಲಿಲ್ಲ. ಆದರೆ ಕೊಳ್ಳುವವರು ತಮ್ಮತಮ್ಮಲ್ಲಿ ಪ್ರಾಮಾಣಿಕವಾಗಿ ಮಾತನಾಡಿಕೊಂಡರೆ ಮಾರುವವನೂ ಯಂತ್ರವನ್ನು ತಿದ್ದಬೇಕಾಗುವುದೆಂದು ಅದು ತೋರಿಸಿಕೊಟ್ಟಿತು. ಯಂತ್ರವನ್ನು ಆರಿಸಹೊರಟ ಗೃಹಸ್ಥರು ಅಂಗಡಿಗೆ ಹೋಗುವ ಮುನ್ನ, ಅದನ್ನು ವರ್ಷಕಾಲ ಬಳಸಿದ ನೆರೆಯವರನ್ನು ಒಂದು ಮಾತು ವಿಚಾರಿಸುವುದು ಇಂದಿಗೂ ಉಚಿತವಾದ ಮಾರ್ಗವೇ ಸರಿ.