ಉದ್ಯಾವರದ ಕಲ್ಲು, ಗರೋಡಿಯ ಪಾಡ್ದನ: ಯುದ್ಧ ನೆನಪಲ್ಲಿ ಉಳಿಯೋದು ಹೇಗೆ?

ಮಣಿಪಾಲದಿಂದ ಬಸ್ಸು ಹತ್ತಿದ್ರೆ ಮುಕ್ಕಾಲು ಗಂಟೆಯೊಳಗೆ ಉದ್ಯಾವರ. ಹೈವೇ 66ರಲ್ಲಿ ನಾವು ಸುಮ್ಮನೆ ದಾಟಿಹೋಗುವ ಈ ಊರು 8ನೇ ಶತಮಾನದಲ್ಲಿ ಆಳುಪರ ರಾಜಧಾನಿ. ಆಗಿನ ಹೆಸರು ಉದಯಪುರ. ಅಧಿಕಾರಕ್ಕಾಗಿ ಚಿತ್ರವಾಹನ, ರಣಸಾಗರ, ಶ್ವೇತವಾಹನರ ಕಡೆಯವರು ಇಲ್ಲೇ ಕಾದಾಡಿದರು.

ಇದು ನಮಗೆ ಗೊತ್ತಾದದ್ದು ಶಂಭುಕಲ್ಲು ದೇವಸ್ಥಾನದ ಹಳಗನ್ನಡ ವೀರಗಲ್ಲುಗಳಿಂದ. ಜರ್ಮನ್ ವಿದ್ವಾಂಸ ಹುಲ್ಷ್ ಅವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 9ನೇ ಸಂಪುಟದಲ್ಲಿ ಪ್ರಕಟಿಸಿದರು. ಇತಿಹಾಸಕಾರ ಕೆ.ವಿ. ರಮೇಶ್ 1970ರಲ್ಲಿ ಬಂದ ತಮ್ಮ ದಕ್ಷಿಣ ಕನ್ನಡ ಇತಿಹಾಸದಲ್ಲಿ ಇಂಥ ಶಾಸನಗಳನ್ನು ಜೋಡಿಸಿಯೇ ಆಳುಪರ ಕಥೆ ಕಟ್ಟಿದರು.

ಬಿಕಾಂ ಓದಿದ ನನಗೆ ಈ ಕಲ್ಲುಗಳು ಲೆಡ್ಜರ್ ಥರ ಕಾಣುತ್ತವೆ: ಹೆಸರೇನು, ಯಾರ ಆಳು, ಯಾವ ಕಾಳಗದಲ್ಲಿ ಸತ್ತು ಸ್ವರ್ಗಕ್ಕೆ ಹೋದ. ಅಷ್ಟು ಬರೆದಿಟ್ಟರೂ ಆ ಭಟರು ಜನರ ಬಾಯಲ್ಲಿ ಉಳಿಯಲಿಲ್ಲ.

ಅದೇ, ಬಲ್ಲಾಳರ ಕಾಳಗದಲ್ಲಿ ಮಡಿದ ಕೋಟಿ-ಚೆನ್ನಯರನ್ನು ನೋಡಿ. ಪಾಡ್ದನ ಇದೆ, ಗರೋಡಿ ಇದೆ, ನೇಮ ಇದೆ. ನೆನಪಿಗೆ ಅದನ್ನು ಹೊರುವ ಸಮುದಾಯ ಬೇಕು ಅಂತ ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರಿಸ್ ಹಾಲ್ಬ್‌ವಾಕ್ಸ್ 1925ರಲ್ಲೇ ವಾದಿಸಿದ್ದರು. ಉದ್ಯಾವರದ ಭಟರಿಗೆ ಅಂಥ ಸಮುದಾಯ ಇಲ್ಲ. ಅವರ ಹೆಸರು ಓದೋದು ಇತಿಹಾಸಕಾರರು ಮಾತ್ರ.

ನಿಮ್ಮೂರಲ್ಲೂ ವೀರಗಲ್ಲು ಇರಬಹುದು. ಅದರಲ್ಲಿ ಅಕ್ಷರ ಕಂಡರೆ ಸುಣ್ಣ ಬಳಿಯೋಕೆ ಬಿಡಬೇಡಿ. ಫೋಟೋ ತೆಗೆದು ಹತ್ತಿರದ ಕಾಲೇಜಿನ ಇತಿಹಾಸದ ಸರ್‌ಗೋ ಮೇಡಂಗೋ ತೋರಿಸಿ. ಅಲ್ಲಿ ಯಾರದೋ ಹೆಸರಿದೆ.