ಭಕ್ಷೀಸು: ಕೊಡುಗೆಯೋ, ಕೂಲಿಯೋ?



ರಜಾ ದಿನಗಳಲ್ಲಿ ನೀವು ಕುಟುಂಬ ಸಮೇತರಾಗಿ ವೇಳಾಂಕಣ್ಣಿಗೋ ಊಟಿಗೋ ಹೋಗಿ, ವಸತಿಗೃಹವೊಂದರಲ್ಲಿ ಎರಡು ರಾತ್ರಿ ತಂಗಿದ್ದೀರೆಂದು ಭಾವಿಸಿ. ಹೊರಡುವ ಬೆಳಿಗ್ಗೆ ನಿಮ್ಮ ಪೆಟ್ಟಿಗೆಗಳನ್ನು ಕೆಳಗಿಳಿಸಿದ ಹುಡುಗನ ಕೈಗೆ ನೋಟೊಂದನ್ನು ಇಡುತ್ತೀರಿ. ಉಪಾಹಾರ ಬಡಿಸಿದವನಿಗೂ ಬಿಲ್ಲಿನ ತಟ್ಟೆಯಲ್ಲಿ ಚಿಲ್ಲರೆ ಬಿಡುತ್ತೀರಿ. ಆದರೆ ನೀವು ಮಲಗೆದ್ದ ಹಾಸಿಗೆಯನ್ನು ಒಪ್ಪವಾಗಿಸಿದವರು, ಸ್ನಾನದ ಮನೆಯನ್ನು ಉಜ್ಜಿ ತೊಳೆದವರು, ಮಕ್ಕಳು ನೆಲಕ್ಕೆ ಚೆಲ್ಲಿದ ತಿಂಡಿಯನ್ನು ಗುಡಿಸಿದವರು ಯಾರು? ಬಹುಶಃ ಅವರ ಮುಖವನ್ನು ನೀವು ನೋಡಿಯೇ ಇಲ್ಲ. ನೀವು ಹೊರಗೆ ಹೋದ ಮೇಲೆ ಅವರು ಬಂದರು; ನೀವು ಮರಳುವಷ್ಟರಲ್ಲಿ ಹೊರಟು ಹೋಗಿದ್ದರು.

ಅವರಿಗೆ ಏನಾದರೂ ಕೊಡಬೇಕೆ? ಕೊಡುವುದಾದರೆ ಎಷ್ಟು? ಬಾಡಿಗೆ ಕೊಟ್ಟಿದ್ದೇವಲ್ಲ, ಸಂಬಳ ಕೊಡುವುದು ಮಾಲೀಕರ ಹೊಣೆಯಲ್ಲವೇ? ಕೋಣೆಯ ಬಾಗಿಲಲ್ಲಿ ಕ್ಷಣಕಾಲ ನಿಂತು ಹೀಗೆ ಯೋಚಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಅದರ ಹಿಂದೆ ಸುಮಾರು ಮುನ್ನೂರು ವರ್ಷಗಳ ಇತಿಹಾಸವಿದೆ. ಆ ಇತಿಹಾಸವನ್ನು ಅರಿತರೆ ಉತ್ತರವೂ ಸ್ಪಷ್ಟವಾಗುತ್ತದೆ.

ಮೊದಲು ಪದಗಳನ್ನೇ ಗಮನಿಸೋಣ. ನಮ್ಮ ಹಿರಿಯರು ಬಳಸುತ್ತಿದ್ದ 'ಭಕ್ಷೀಸು' ಪಾರಸಿಯಿಂದ ಬಂದದ್ದು. ಅದರ ಮೂಲ ಧಾತುವಿಗೆ ಕೊಡು, ಕ್ಷಮಿಸು ಎಂಬ ಅರ್ಥಗಳಿವೆ. 'ಇನಾಮು' ಅರಬ್ಬಿಯಿಂದ ಬಂದದ್ದು. ಅದರ ಅರ್ಥ ಅನುಗ್ರಹಪೂರ್ವಕವಾದ ಕೊಡುಗೆ. ಫ್ರೆಂಚರೂ ಜರ್ಮನರೂ ಇದನ್ನು 'ಕುಡಿಯಲು ಕೊಡುವ ಹಣ' ಎಂಬರ್ಥದ ಪದಗಳಿಂದ ಕರೆಯುತ್ತಾರೆ. ಇಂದು ನಾವೆಲ್ಲರೂ ಬಳಸುವ 'ಟಿಪ್' ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಳ್ಳಕಾಕರ ಗುಪ್ತಭಾಷೆಯಲ್ಲಿ 'ಕೊಡು', 'ದಾಟಿಸು' ಎಂಬರ್ಥದಲ್ಲಿದ್ದ ಮಾತು. ತ್ವರಿತ ಸೇವೆಯನ್ನು ಖಚಿತಪಡಿಸುವುದಕ್ಕಾಗಿ ಎಂಬ ಇಂಗ್ಲಿಷ್ ನುಡಿಯ ಮೊದಲಕ್ಷರಗಳಿಂದ ಅದು ಹುಟ್ಟಿತೆಂಬ ಪ್ರಚಲಿತ ಕಥೆ ಅನಂತರದ ಕಲ್ಪನೆ. ಈ ಯಾವ ಪದಕ್ಕೂ 'ಕೂಲಿ' ಎಂಬ ಅರ್ಥವಿಲ್ಲ ಎಂಬುದನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲವೂ ಕೊಡುಗೆಯು ಕೂಲಿಯ ಸ್ಥಾನವನ್ನು ಆಕ್ರಮಿಸಿದ ಕಥೆಯೇ ಆಗಿದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತರ ಮನೆಗೆ ಅತಿಥಿಯಾಗಿ ಹೋದವನು ಹೊರಡುವಾಗ ಒಂದು ಪರೀಕ್ಷೆಯನ್ನು ಎದುರಿಸಬೇಕಾಗಿತ್ತು. ಆ ಮನೆಯ ಸೇವಕರೆಲ್ಲ ಹೊರಬಾಗಿಲಿನವರೆಗೆ ಸಾಲಾಗಿ ನಿಂತಿರುತ್ತಿದ್ದರು. ಕೋಟು ತೊಡಿಸಿದವನು, ಟೋಪಿ ತಂದುಕೊಟ್ಟವನು, ಕುದುರೆ ಹಿಡಿದವನು, ಹಾಸಿಗೆ ಹಾಸಿದವಳು, ಎಲ್ಲರ ಕೈಗೂ ನಾಣ್ಯ ಬೀಳಬೇಕಿತ್ತು. ಈ ಪದ್ಧತಿಗೆ 'ವೇಯ್ಲ್ಸ್' ಎಂದು ಹೆಸರು. ನ್ಯೂಕ್ಯಾಸಲಿನ ಡ್ಯೂಕನ ಮನೆಯಲ್ಲಿ ಉಂಡ ಅತಿಥಿಯೊಬ್ಬ ಅಡುಗೆಯವನ ಕೈಗೆ ಐದು ಷಿಲಿಂಗಿನ ಬೆಳ್ಳಿ ನಾಣ್ಯವನ್ನಿಟ್ಟಾಗ, ತಾನು ಬೆಳ್ಳಿಯನ್ನು ಮುಟ್ಟುವುದಿಲ್ಲವೆಂದು ಅವನು ಹಿಂದಿರುಗಿಸಿದನಂತೆ. ತಾನು ಚಿನ್ನವನ್ನು ಕೊಡುವುದಿಲ್ಲವೆಂದು ಹೇಳಿದ ಅತಿಥಿ ನಾಣ್ಯವನ್ನು ಮರಳಿ ಜೇಬಿಗಿಳಿಸಿದನಂತೆ. ಕೈಯಲ್ಲಿ ಹಣವಿಲ್ಲದವರಿಗೆ ಮಾತ್ರ ಇದು ನಗುವ ಸಂಗತಿಯಾಗಿರಲಿಲ್ಲ. ಸೇವಕರಿಗೆ ಕೊಡಲು ಕಾಸಿಲ್ಲವೆಂಬ ಕಾರಣಕ್ಕೆ ಸ್ನೇಹಿತರ ಮನೆಯ ಊಟದ ಆಮಂತ್ರಣವನ್ನೇ ನಿರಾಕರಿಸಬೇಕಾದ ಪರಿಸ್ಥಿತಿ ಅವರದಾಗಿತ್ತು.

ಈ ಪದ್ಧತಿಯನ್ನು ಖಂಡಿಸಿ ಬರೆದವರಲ್ಲಿ ಜೋನಸ್ ಹ್ಯಾನ್ವೇ ಪ್ರಮುಖನು. ಲಂಡನ್ನಿನ ಬೀದಿಗಳಲ್ಲಿ ಜನರ ಅಪಹಾಸ್ಯವನ್ನು ಲೆಕ್ಕಿಸದೆ ಕೊಡೆ ಹಿಡಿದು ನಡೆದ ಪುರುಷನೆಂದು ಹೆಸರಾದವನೂ ಅವನೇ. 1760ರ ಸುಮಾರಿನಲ್ಲಿ ಸ್ಕಾಟ್ಲೆಂಡಿನ ಜಮೀನುದಾರರು ಒಟ್ಟುಗೂಡಿ ಇನ್ನು ಮುಂದೆ ಸೇವಕರಿಗೆ ಭಕ್ಷೀಸು ಕೊಡಬಾರದೆಂದು ನಿರ್ಣಯಿಸಿದರು. ಈ ಚಳವಳಿ ಲಂಡನ್ನಿಗೆ ಬಂದಾಗ ಸೇವಕರು ಕೆರಳಿದರು. 1764ರಲ್ಲಿ ರಾನೆಲಾ ಉದ್ಯಾನದ ಬಳಿ ಗಲಭೆಯೇ ನಡೆಯಿತು. ಅವರನ್ನು ದುರಾಸೆಯವರೆಂದು ಕರೆಯುವುದು ಸುಲಭ. ಆದರೆ ಅತಿಥಿಗಳಿಂದ ಹಣ ಬರುತ್ತದೆಂಬ ಎಣಿಕೆಯಿಂದಲೇ ಯಜಮಾನರು ಅವರ ಸಂಬಳವನ್ನು ಕಡಿಮೆ ಇರಿಸಿದ್ದರೆಂಬುದನ್ನು ಮರೆಯಬಾರದು. ಆದುದರಿಂದಲೇ ಹ್ಯಾನ್ವೇಯಂತಹವರು ಭಕ್ಷೀಸನ್ನು ನಿಲ್ಲಿಸುವುದರ ಜೊತೆಗೆ ಸಂಬಳವನ್ನು ಹೆಚ್ಚಿಸಬೇಕೆಂದೂ ವಾದಿಸಿದರು.

ಇಲ್ಲಿಂದ ನಾವು ಅಮೆರಿಕಕ್ಕೆ ಹೋಗೋಣ. ಏಕೆಂದರೆ ಆಧುನಿಕ ಹೋಟೆಲು ರೂಪುಗೊಂಡ ಮುಖ್ಯ ನೆಲೆಗಳಲ್ಲಿ ಅದೂ ಒಂದು. 1829ರಲ್ಲಿ ಬಾಸ್ಟನ್ ನಗರದಲ್ಲಿ ತೆರೆದ ಟ್ರೆಮಾಂಟ್ ಹೌಸ್ ಎಂಬ ಹೋಟೆಲಿನಲ್ಲಿ ಅತಿಥಿಗಳಿಗೆ ಬೀಗವಿರುವ ಖಾಸಗಿ ಕೋಣೆಗಳೂ, ಕೋಣೆಯಲ್ಲಿ ಉಚಿತ ಸಾಬೂನೂ ದೊರೆಯುತ್ತಿದ್ದವು. ಹಿಂದಿನ ತಂಗುದಾಣಗಳಲ್ಲಿ ಅಪರಿಚಿತರು ಒಂದೇ ಕೋಣೆಯನ್ನು ಹಂಚಿಕೊಳ್ಳುವುದು ಸಾಮಾನ್ಯವಾಗಿತ್ತು. ಬೀಗದ ಕೋಣೆ ಅತಿಥಿಗೆ ನೆಮ್ಮದಿಯನ್ನು ತಂದಿತು. ಆದರೆ ಅದೇ ಬಾಗಿಲು ಅವನ ಮತ್ತು ಅವನ ಕೋಣೆಯನ್ನು ಶುಚಿಗೊಳಿಸುವವಳ ನಡುವೆಯೂ ಬಂದು ನಿಂತಿತು. ಇಂಗ್ಲೆಂಡಿನ ಮನೆಯಲ್ಲಿ ಹಾಸಿಗೆ ಹಾಸಿದವಳು ಬಾಗಿಲ ಸಾಲಿನಲ್ಲಾದರೂ ಕಾಣುತ್ತಿದ್ದಳು. ಹೋಟೆಲಿನಲ್ಲಿ ಅವಳು ಕಾಣದವಳಾದಳು. ಕಾಣುವ ಕೈಗೆ ಹಣ ಕೊಡುವುದು ಮನುಷ್ಯ ಸ್ವಭಾವ. ಹೊರೆ ಹೊತ್ತವನಿಗೂ ಬಡಿಸಿದವನಿಗೂ ಸಿಗುವುದು ಕೋಣೆ ಗುಡಿಸಿದವಳಿಗೆ ಸಿಗದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾಯಿತು. ಎರಡು ವರ್ಷಗಳ ತರುವಾಯ, 1867ರಲ್ಲಿ, ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿ ಮಲಗುವ ಸೌಕರ್ಯವುಳ್ಳ ರೈಲುಗಾಡಿಗಳ ಕಂಪನಿಯನ್ನು ಸ್ಥಾಪಿಸಿದನು. ಅವನ್ನು ಗಾಲಿಗಳ ಮೇಲಿನ ಹೋಟೆಲುಗಳೆಂದೇ ಕರೆಯಬಹುದು. ಹಾಸಿಗೆ ಹಾಸುವ, ಬೂಟು ಹೊಳೆಯಿಸುವ ಕೆಲಸಕ್ಕೆ ಅವನು ಆಗಷ್ಟೇ ಬಿಡುಗಡೆ ಹೊಂದಿದ್ದ ಕಪ್ಪು ಜನಾಂಗದವರನ್ನು ನೇಮಿಸಿಕೊಂಡನು. ಸಂಬಳ ಅತ್ಯಲ್ಪ, ಉಳಿದುದನ್ನು ಪ್ರಯಾಣಿಕರಿಂದ ಗಳಿಸಿಕೊಳ್ಳಬೇಕು. ಗುಲಾಮರನ್ನು ಒಡೆಯನ ಹೆಸರಿನಿಂದ ಕೂಗುತ್ತಿದ್ದಂತೆಯೇ, ಪ್ರಯಾಣಿಕರು ಈ ಸೇವಕರೆಲ್ಲರನ್ನೂ 'ಜಾರ್ಜ್' ಎಂದೇ ಕೂಗುತ್ತಿದ್ದರು. ಪುಲ್‌ಮನ್ ತೀರಿಕೊಂಡ ನಂತರ 1897ರಿಂದ 1911ರವರೆಗೆ ಈ ಕಂಪನಿಯ ಅಧ್ಯಕ್ಷನಾಗಿದ್ದವನು ರಾಬರ್ಟ್ ಲಿಂಕನ್. ಗುಲಾಮರ ಬಿಡುಗಡೆಯನ್ನು ಸಾರಿದ ಅಬ್ರಹಾಂ ಲಿಂಕನ್ನನ ಮಗನೇ ಅವನು! 1915ರಲ್ಲಿ ಸರಕಾರಿ ಆಯೋಗವೊಂದು ವಿಚಾರಣೆ ನಡೆಸಿದಾಗ ಸೇವಕನ ತಿಂಗಳ ಸಂಬಳ 27 ಡಾಲರ್ 50 ಸೆಂಟ್ ಎಂಬುದು ಬೆಳಕಿಗೆ ಬಂದಿತು. ಉದಾರ ಮನಸ್ಸಿನ ಪ್ರಯಾಣಿಕನು ಕೊಟ್ಟ ಪ್ರತಿಯೊಂದು ನಾಣ್ಯವೂ ಸೇವಕನಿಗೆ ನೆರವಾಯಿತು, ನಿಜ. ಆದರೆ ಅದೇ ನಾಣ್ಯ ಕಂಪನಿಯ ಸಂಬಳದ ವೆಚ್ಚವನ್ನೂ ಉಳಿಸಿತು.

ಇದನ್ನು ಕಂಡು ಸಿಡಿದೆದ್ದವರೂ ಇದ್ದರು. 1909ರಲ್ಲಿ ವಾಷಿಂಗ್ಟನ್ ರಾಜ್ಯವು ಟಿಪ್ ಕೊಡುವುದನ್ನೇ ಕಾನೂನಿನಿಂದ ನಿಷೇಧಿಸಿತು. ಮುಂದಿನ ವರ್ಷಗಳಲ್ಲಿ ಇನ್ನೂ ಕೆಲವು ರಾಜ್ಯಗಳು ಅದನ್ನು ಅನುಸರಿಸಿದವು. ಆದರೆ ಆ ಕಾನೂನುಗಳು ಕೊಡುವ ಕೈಯನ್ನು ತಡೆದವೇ ಹೊರತು ಸಂಬಳವನ್ನು ಹೆಚ್ಚಿಸಲಿಲ್ಲ. ಜನರು ಅವನ್ನು ಪಾಲಿಸಲಿಲ್ಲ. 1926ರ ವೇಳೆಗೆ ಎಲ್ಲವೂ ರದ್ದಾದವು.

ಬೇರೊಂದು ದಾರಿ ಹಿಡಿದವರು ಸ್ವತಃ ಆ ರೈಲು ಸೇವಕರು. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ನೇತೃತ್ವದಲ್ಲಿ ಅವರು ಸಂಘವನ್ನು ಕಟ್ಟಿದರು. ರೈಲಿನಲ್ಲಿ ದುಡಿಯುತ್ತಿದ್ದ ಸೇವಕಿಯರೂ ಅದರಲ್ಲಿದ್ದರು. ಟಿಪ್ಪಿನ ಬದಲು ಬದುಕಲು ಸಾಕಾಗುವ ಸಂಬಳ ಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಸಂಬಳದ ಭಾಗವಾಗಿ ಟಿಪ್ಪನ್ನು ಅವಲಂಬಿಸುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಕೇಂದ್ರದ ವಾಣಿಜ್ಯ ಆಯೋಗಕ್ಕೂ ದೂರಿತ್ತರು. ಅದು ತನ್ನ ಅಧಿಕಾರ ವ್ಯಾಪ್ತಿಗೆ ಬಾರದೆಂದು ಆಯೋಗವು 1928ರಲ್ಲಿ ಕೈತೊಳೆದುಕೊಂಡಿತು. ಆದರೂ ಅವರು ಎದೆಗುಂದಲಿಲ್ಲ. 12 ವರ್ಷಗಳ ಹೋರಾಟದ ನಂತರ, 1937ರಲ್ಲಿ, ಕಂಪನಿಯು ಒಪ್ಪಂದಕ್ಕೆ ಸಹಿ ಹಾಕಿತು. ಸಂಬಳ ಏರಿತು, ತಿಂಗಳಿಗೆ ಸುಮಾರು 400 ಗಂಟೆಗಳಷ್ಟಿದ್ದ ದುಡಿಮೆ 240 ಗಂಟೆಗಳಿಗೆ ಇಳಿಯಿತು. ಪಡೆಯುವ ಕೈಗಳೇ 'ನಮಗೆ ಬೇಕಾದುದು ದಯೆಯಲ್ಲ, ನ್ಯಾಯ' ಎಂದು ಸಾರಿದ ಈ ಘಟನೆಯನ್ನು ನಾವು ಮರೆಯುವಂತಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1991ರಲ್ಲಿ ಹೋಟೆಲು ನೌಕರರ ಕುರಿತು ಅಂಗೀಕರಿಸಿದ ಒಡಂಬಡಿಕೆಯಲ್ಲಿ ಈ ತತ್ತ್ವವೇ ಇದೆ. ಟಿಪ್ ಎಂದರೆ ಗ್ರಾಹಕನು ಸಲ್ಲಬೇಕಾದ ಮೊತ್ತದ ಮೇಲೆ ಸ್ವಇಚ್ಛೆಯಿಂದ ಕೊಡುವ ಹಣ. ಅದು ಬರಲಿ, ಬಾರದಿರಲಿ, ನೌಕರನಿಗೆ ನಿಯತಕಾಲದಲ್ಲಿ ಮೂಲ ವೇತನ ಸಲ್ಲಲೇಬೇಕು ಎಂಬುದು ಅದರ ತಾತ್ಪರ್ಯ. ಆದರೆ ಇಂದಿಗೂ ಕೆಲವೇ ದೇಶಗಳು ಅದನ್ನು ಸ್ಥಿರೀಕರಿಸಿವೆ.

ಕೋಣೆ ಶುಚಿಗೊಳಿಸುವ ಕೆಲಸ ಹಗುರವಾದುದೆಂದು ನೀವು ಭಾವಿಸಿದ್ದೀರಾ? ಅಮೆರಿಕದ 50 ಹೋಟೆಲುಗಳ ದಾಖಲೆಗಳನ್ನು ಆಧರಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿ ಪರಿಶೀಲಿಸಿದ ನೌಕರವರ್ಗಗಳಲ್ಲಿ ಅತಿ ಹೆಚ್ಚು ಗಾಯಗೊಳ್ಳುವವರು ಕೋಣೆ ಶುಚಿಗೊಳಿಸುವವರೇ. ಭಾರವಾದ ಹಾಸಿಗೆಯನ್ನು ಎತ್ತಿ ಹೊದಿಕೆ ಸಿಕ್ಕಿಸುವುದು, ಮಂಡಿಯೂರಿ ನೆಲ ಉಜ್ಜುವುದು, ತುಂಬಿದ ಗಾಡಿಯನ್ನು ತಳ್ಳುವುದು, ಇವೆಲ್ಲ ಬೆನ್ನನ್ನೂ ಭುಜಗಳನ್ನೂ ಸವೆಸುತ್ತವೆ. ಇದನ್ನು ಮನಗಂಡ ಕ್ಯಾಲಿಫೋರ್ನಿಯಾ ರಾಜ್ಯವು ಇಂತಹ ಗಾಯಗಳನ್ನು ತಡೆಯಲೆಂದೇ 2018ರಲ್ಲಿ ಪ್ರತ್ಯೇಕ ನಿಯಮವನ್ನು ಜಾರಿಗೆ ತಂದಿತು.

ಇದೇ ಸಂದರ್ಭದಲ್ಲಿ ಎರಡು ಘಟನೆಗಳನ್ನು ಜೊತೆಯಾಗಿರಿಸಿ ನೋಡುವುದು ಒಳ್ಳೆಯದು. 2014ರಲ್ಲಿ ಮ್ಯಾರಿಯಟ್ ಸಂಸ್ಥೆಯು ಅಮೆರಿಕ ಮತ್ತು ಕೆನಡಾಗಳ ತನ್ನ ಸುಮಾರು 1 ಲಕ್ಷ 60 ಸಾವಿರ ಕೋಣೆಗಳಲ್ಲಿ, ಶುಚಿ ಮಾಡುವವರಿಗೆ ಹಣ ಬಿಟ್ಟು ಹೋಗಲೆಂದು ಲಕೋಟೆಗಳನ್ನು ಇರಿಸುವ ಯೋಜನೆಯನ್ನು ಪ್ರಕಟಿಸಿತು. ಕಾಣದವರನ್ನು ಕಾಣುವಂತೆ ಮಾಡಿತೆಂದು ಕೆಲವರು ಮೆಚ್ಚಿದರು. ಲಕೋಟೆಯ ಬದಲು ಸಂಬಳವನ್ನೇ ಹೆಚ್ಚಿಸಬಾರದೇಕೆ ಎಂದು ಹಲವರು ಕೇಳಿದರು. ನಾಲ್ಕು ವರ್ಷಗಳ ನಂತರ, 2018ರಲ್ಲಿ, ಅದೇ ಸಂಸ್ಥೆಯ ಹೆಸರಿನಡಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಸುಮಾರು 7,700 ನೌಕರರು ಎಂಟು ನಗರಗಳಲ್ಲಿ ಮುಷ್ಕರ ಹೂಡಿದರು. ಮನುಷ್ಯನು ಬದುಕಲು ಒಂದೇ ಉದ್ಯೋಗ ಸಾಕಾಗಬೇಕು ಎಂಬುದು ಅವರ ಬೇಡಿಕೆಯ ಸಾರವಾಗಿತ್ತು.

ಹಾಗಾದರೆ ಕೊಡುವುದೇ ತಪ್ಪೆ? ಖಂಡಿತ ಅಲ್ಲ. ಮುನ್ನೂರು ವರ್ಷಗಳ ಈ ಕಥೆ ನಮಗೆ ಕಲಿಸುವುದು ಜಿಪುಣತನವನ್ನಲ್ಲ. ಸಂಬಳ ಹೆಚ್ಚಾಗಲೆಂದು ನಾವು ಕೈ ಬಿಗಿಹಿಡಿದರೆ, ಅದು ಹೆಚ್ಚಾಗುವವರೆಗೆ ನಷ್ಟ ಅನುಭವಿಸುವವರು ಮಾಲೀಕರಲ್ಲ, ಆ ಹೆಂಗಸೇ. ಆದುದರಿಂದ ಕೊಡಬೇಕು. ಆದರೆ ಕೊಟ್ಟೆವೆಂಬ ತೃಪ್ತಿಯಲ್ಲಿ, ಅವಳಿಗೆ ಸಲ್ಲಬೇಕಾದ ಕೂಲಿ ಸಂದಿದೆಯೆಂದು ಭಾವಿಸಬಾರದು.

ಎಷ್ಟು ಕೊಡಬೇಕು? ಅಮೆರಿಕದಲ್ಲಿ ಒಂದು ರಾತ್ರಿಗೆ 1ರಿಂದ 5 ಡಾಲರ್ ಎಂದು ಅಲ್ಲಿನ ಹೋಟೆಲು ಉದ್ಯಮದ ಸಂಘವೇ ಸೂಚಿಸಿದೆ. ಜಪಾನಿನಲ್ಲಿ ಸಾಮಾನ್ಯವಾಗಿ ಯಾರೂ ನಿರೀಕ್ಷಿಸುವುದಿಲ್ಲ. ಸಾಂಪ್ರದಾಯಿಕ ವಸತಿಗೃಹಗಳಲ್ಲಿ ಕೊಡುವವರು ಕೂಡ ಹಣವನ್ನು ಬರಿಗೈಯಲ್ಲಿ ನೀಡದೆ ಲಕೋಟೆಯಲ್ಲಿರಿಸಿ ಗೌರವದಿಂದ ಕೊಡುತ್ತಾರೆ. ನಮ್ಮ ನಾಡಿನಲ್ಲಿ ಗೊತ್ತಾದ ಲೆಕ್ಕವಿಲ್ಲ. ನನ್ನ ಸಲಹೆ ಇಷ್ಟೇ: ಆ ಊರಿನಲ್ಲಿ ಒಂದು ಸಾಧಾರಣ ಊಟಕ್ಕೆ ತಗಲುವ ಹಣವನ್ನು ದಿನಕ್ಕೊಮ್ಮೆ ಕೊಡಿ. ಕಾಣುವ ಕೈಗೆ ಕೊಟ್ಟುದಕ್ಕಿಂತ ಕಾಣದ ಕೈಗೆ ಕೊಡುವುದು ಕಡಿಮೆಯಾಗದಿರಲಿ. ಕೊನೆಯ ದಿನಕ್ಕೆಂದು ಉಳಿಸಿಕೊಳ್ಳದೆ ಪ್ರತಿದಿನವೂ ಕೊಡಿ, ಏಕೆಂದರೆ ಇಂದು ಬಂದವಳು ನಾಳೆ ಪಾಳಿಯಲ್ಲಿ ಇಲ್ಲದಿರಬಹುದು. ಹಣದೊಂದಿಗೆ 'ಕೋಣೆ ಶುಚಿ ಮಾಡಿದವರಿಗೆ, ವಂದನೆಗಳು' ಎಂದು ಒಂದು ಚೀಟಿ ಬರೆದಿಡಿ. ಇಲ್ಲವಾದರೆ ಅತಿಥಿಯು ಮರೆತುಹೋದ ಹಣವೆಂದು ಅಂಜಿ ಅವಳು ಅದನ್ನು ಮುಟ್ಟದಿರಬಹುದು. ಮುಟ್ಟಿ ಆರೋಪಕ್ಕೂ ಗುರಿಯಾಗಬಹುದು. ಮೊಬೈಲಿನಲ್ಲೇ ಹಣ ಪಾವತಿಸುವ ಈ ಕಾಲದಲ್ಲಿ ಪ್ರಯಾಣಕ್ಕೆ ಹೊರಡುವಾಗ ಇದಕ್ಕೆಂದೇ ಕೆಲವು ಚಿಕ್ಕ ನೋಟುಗಳನ್ನು ತೆಗೆದಿರಿಸಿಕೊಳ್ಳಿ.

ಬಿಲ್ಲಿನಲ್ಲಿ ಸೇವಾ ಶುಲ್ಕವನ್ನು ಸೇರಿಸಿದ್ದರೆ ಅದು ಯಾರನ್ನು ತಲುಪುತ್ತದೆಂದು ವಿನಯದಿಂದ ಕೇಳಿ. ಅಂತಹ ಶುಲ್ಕವನ್ನು ಗ್ರಾಹಕರ ಮೇಲೆ ಕಡ್ಡಾಯವಾಗಿ ಹೇರುವಂತಿಲ್ಲವೆಂಬ 2022ರ ಮಾರ್ಗಸೂಚಿಗಳನ್ನು ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಎತ್ತಿಹಿಡಿಯಿತು. ಗ್ರಾಹಕರು ಬಿಟ್ಟ ಟಿಪ್ಪನ್ನು ಮಾಲೀಕರು ತಮ್ಮಲ್ಲೇ ಉಳಿಸಿಕೊಳ್ಳದೆ ನೌಕರರಿಗೇ ಹಂಚಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 2024ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ವೇಯ್ಲ್ಸ್ ಪದ್ಧತಿಯ ತವರಿನಲ್ಲಿ ಈ ನ್ಯಾಯ ದೊರೆಯಲು ಇಷ್ಟು ಕಾಲ ಹಿಡಿಯಿತು!

ಕೊನೆಯದಾಗಿ ಒಂದು ಮಾತು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಇಂದು ಕೊಲ್ಲಿ ರಾಷ್ಟ್ರಗಳ ಹೋಟೆಲುಗಳಲ್ಲಿಯೂ ಸಮುದ್ರಯಾನದ ಹಡಗುಗಳಲ್ಲಿಯೂ ಕೋಣೆಗಳನ್ನು ಶುಚಿಗೊಳಿಸಿ ಮನೆಗೆ ಹಣ ಕಳುಹಿಸುತ್ತಿದ್ದಾರೆ. ಊರಿನ ಮನೆಗೆ ಹೆಂಚಿನ ಬದಲು ತಾರಸಿ ಬಂದುದರಲ್ಲಿ, ತಂಗಿಯ ಓದು ಮುಂದುವರಿದುದರಲ್ಲಿ, ಯಾರೋ ಅಪರಿಚಿತರು ದಿಂಬಿನ ಮೇಲೆ ಬಿಟ್ಟುಹೋದ ನೋಟಿನ ಪಾಲೂ ಇರಬಹುದು. ಮುಂದಿನ ಬಾರಿ ನೀವು ಕೋಣೆಯ ಬೀಗದ ಕೈಯನ್ನು ಹಿಂದಿರುಗಿಸುವ ಮೊದಲು ಒಮ್ಮೆ ತಿರುಗಿ ನೋಡಿ. ಚೆಲ್ಲಾಪಿಲ್ಲಿಯಾದ ಹೊದಿಕೆಗಳನ್ನು ಒಂದೆಡೆ ಸೇರಿಸಿ, ಕಸವನ್ನು ಬುಟ್ಟಿಗೆ ಹಾಕಿ, ಚೀಟಿಯೊಂದಿಗೆ ನೋಟನ್ನಿಡಿ. ಹೊರಗೆ ಮೊಗಸಾಲೆಯಲ್ಲಿ ಗಾಡಿಯ ಪಕ್ಕ ನಿಂತವಳು ಎದುರಾದರೆ, ಅವಳ ಹೆಸರನ್ನು ಕೇಳಿ ತಿಳಿದುಕೊಳ್ಳಿ. ರೈಲಿನ ಆ ಸೇವಕರನ್ನು ಯಾರೂ ಕೇಳದೆ ಹೋದದ್ದು ಅದನ್ನೇ.